ಸೊನ್ನೆಯಿಲ್ಲದ ವಾರ

ಸಂಶೋಧಕಿ ಬರುವುದು ನಾಲ್ಕು ಗಂಟೆಗೆ ಎಂದು ಗೊತ್ತಿದ್ದರೂ ಎರಡರಿಂದಲೇ ಅವನು ಕುರ್ಚಿಗಳನ್ನು ಸರಿಸುತ್ತಿದ್ದ. ಮುಂಗೋಣೆಯಲ್ಲಿದ್ದುದು ಮೂರೇ ಕುರ್ಚಿ, ಒಂದು ಮೇಜು, ಬೀದಿಗೆ ತೆರೆಯುವ ಒಂದು ಕಿಟಕಿ. ಮೂರನ್ನೂ ಮೇಜಿನ ಸುತ್ತ ಇಟ್ಟರೆ ಮೂವರೂ ಕೂರಲಿ ಎಂಬ ಆಹ್ವಾನ ಅದರಲ್ಲೇ ಇರುತ್ತದೆ. ಎರಡನ್ನು ಮಾತ್ರ ಮೇಜಿಗೆ ತಂದು ಮೂರನೆಯದನ್ನು ಗೋಡೆಗೆ ಒತ್ತಿದರೆ, ಯಾರು ಕೂರಬೇಕಾಗಿಲ್ಲವೆಂದು ಬಾಯಿಬಿಟ್ಟು ಹೇಳಿದಂತಾಗುತ್ತದೆ. ಹೆಂಡತಿ ಕೂರಬಾರದು ಎಂದೇನೂ ಅವನಿಗಿರಲಿಲ್ಲ. ಅವಳು ಚಹಾ ತಂದಿಟ್ಟು ಎಂದಿನಂತೆ ಒಳಗೆ ಹೋಗಿಬಿಟ್ಟರೆ ಸಾಕು, ಹೋಗುವಂತೆ ತಾನು ಮಾಡಿದೆನೆಂದು ತನಗೇ ಅನ್ನಿಸದಿದ್ದರೆ ಸಾಕು. ಮೂರನೆಯ ಕುರ್ಚಿಯನ್ನು ಕಿಟಕಿಯ ಬಳಿ, ಮೇಜಿಗೂ ಗೋಡೆಗೂ ಸೇರದ ಜಾಗದಲ್ಲಿ ಇಟ್ಟು ನೋಡಿದ. ಅದು ಅಲ್ಲಿ ಬಸ್ಸಿಗೆ ಕಾಯುವವರ ಹಾಗೆ ಕಾಣಿಸಿತು. "ಏನ್ರೀ ಅದು, ಕುರ್ಚಿಗಳಿಗೆ ಕವಾಯತು ಮಾಡಿಸ್ತಿದ್ದೀರಾ?" ಎಂದು ಒಳಗಿನಿಂದ ಹೆಂಡತಿಯ ದನಿ ಬಂತು. "ಕಸ ಗುಡಿಸೋಣ ಅಂತ" ಎಂದ. "ಅಯ್ಯೋ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು!" ಎಂದು ಅವಳು ನಕ್ಕಳು. ಆ ನಗೆಯಲ್ಲಿ ಅನುಮಾನವಿರಲಿಲ್ಲ. ಅನುಮಾನವಿಲ್ಲದಿರುವುದೇ ಅವನಿಗೆ ಚುಚ್ಚಿತು.

ಫೋನು ಬಂದದ್ದು ನಿನ್ನೆ. ಅವನು ದುಡಿದು ನಿವೃತ್ತನಾದ ಸಂಸ್ಥೆಯಲ್ಲಿ ಹಳೆಯ ಬೀರುವೊಂದನ್ನು ಖಾಲಿ ಮಾಡುವಾಗ ಅವನ ಎಣಿಕೆ ಪುಸ್ತಕಗಳು ಸಿಕ್ಕಿದ್ದವು: ನಲವತ್ತಾರು ವರ್ಷಗಳ ಹಿಂದಿನವು, ಎರಡು ವರ್ಷಗಳ ಕಾಲ ಒಂದೇ ಹುಲ್ಲುಗಾವಲಿನ ನೂರು ಚೌಕಗಳಲ್ಲಿ ಪ್ರತಿ ಬೆಳಿಗ್ಗೆ ಎಣಿಸಿದ ಗುಲಗಂಜಿ ಹುಳುಗಳ ಲೆಕ್ಕ. ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿದ ಸಂಶೋಧಕಿಗೆ ಒಂದು ವಾರದ ಅಂಕಿಗಳು ನಿದ್ದೆಗೆಡಿಸಿದ್ದವಂತೆ. "ಬೇರೆ ಎಲ್ಲಾ ವಾರಗಳಲ್ಲೂ ಹುಳಗಳು ಗುಂಪುಗುಂಪಾಗಿವೆ ಸರ್. ಆ ಒಂದೇ ಒಂದು ವಾರ ನೂರು ಚೌಕಕ್ಕೂ ಸಮವಾಗಿ ಹರಡಿಕೊಂಡಿವೆ. ಒಂದು ಸೊನ್ನೆ ಕೂಡ ಇಲ್ಲ! ಪ್ರಪಂಚದಲ್ಲಿ ಯಾರೂ ಹೀಗೆ ನೋಡಿಲ್ಲ ಸರ್. ನನ್ನ ಪ್ರಬಂಧದ ಎರಡನೇ ಅಧ್ಯಾಯ ಪೂರ್ತಿ ಅದೇ. ಆ ವಾರ ಅಲ್ಲಿ ಏನಾಯ್ತು ಅಂತ ನೀವು ಹೇಳ್ಬೇಕು." ಏನೂ ನೆನಪಿಲ್ಲವೆಂದು ಹೇಳುವಷ್ಟು ವಯಸ್ಸು ಅವನಿಗಾಗಿತ್ತು, ಆ ವಯಸ್ಸಿನ ಅನುಕೂಲವನ್ನು ಅವನು ಆ ಕ್ಷಣ ಬಳಸಿಕೊಳ್ಳಲಿಲ್ಲ. "ಬನ್ನಿ, ಮಾತಾಡೋಣ" ಎಂದುಬಿಟ್ಟ. ಫೋನಿಡುವ ಮೊದಲು ಆಕೆ ಇನ್ನೊಂದು ಮಾತು ಹೇಳಿದ್ದಳು. ಈ ಸಲ ಅವನ ಹೆಸರು ಅಚ್ಚಾಗುತ್ತದೆ, ಮೊದಲ ಪುಟದಲ್ಲೇ. ಅಂದು ಆ ಎಣಿಕೆಯ ಮೇಲೆ ಮೇಲಧಿಕಾರಿ ಬರೆದ ಲೇಖನದಲ್ಲಿ ಅವನು ಕೊನೆಯ ಪುಟದ ಅಡಿಯ ಸಣ್ಣಕ್ಷರದಲ್ಲಿ 'ಕ್ಷೇತ್ರ ಸಹಾಯಕನೊಬ್ಬ' ಆಗಿದ್ದ. ಆ 'ಒಬ್ಬ' ಎಂಬುದನ್ನು ನಾಲಗೆಗೆ ಸಿಕ್ಕಿದ ಕೂದಲಿನ ಹಾಗೆ ಅವನು ಎಷ್ಟೋ ವರ್ಷ ಉಗುಳಲಾರದೆ ಇಟ್ಟುಕೊಂಡಿದ್ದ.

ಕಿಟಕಿಯಾಚೆ ಬಸ್ ನಿಲ್ದಾಣದಲ್ಲಿ ಏಳು ಜನ ನಿಂತಿದ್ದರು. ನಾಲ್ವರು ಮರದ ನೆರಳಿನಲ್ಲಿ, ಇಬ್ಬರು ಅಂಗಡಿಯ ಮೆಟ್ಟಿಲಿನ ಮೇಲೆ, ಒಬ್ಬ ಮಾತ್ರ ಬಿಸಿಲಿನಲ್ಲಿ. ಯಾರನ್ನು ಕಂಡರೂ ಮನಸ್ಸಿನಲ್ಲೇ ಚೌಕ ಹಾಕಿ ಎಣಿಸುವ ಚಾಳಿ ಅವನನ್ನು ಬಿಟ್ಟಿರಲಿಲ್ಲ. ಲೋಕದಲ್ಲಿ ಯಾವುದೂ ಸಮವಾಗಿ ಹರಡಿಕೊಳ್ಳುವುದಿಲ್ಲ ಎಂಬುದನ್ನು ಅವನು ಕಲಿತದ್ದು ಮಂಡಿಯೂರಿ. ಮರದ ಚೌಕಟ್ಟನ್ನು ಹುಲ್ಲಿನ ಮೇಲೆ ಸದ್ದಾಗದಂತೆ ಇಳಿಸಬೇಕು. ಸೂರ್ಯನಿಗೆ ಮುಖಮಾಡಿಯೇ ಹತ್ತಿರ ಹೋಗಬೇಕು, ಯಾಕೆಂದರೆ ಎಣಿಸುವವನ ನೆರಳು ಎಲೆಯ ಮೇಲೆ ಬಿದ್ದರೆ ಸಾಕು, ಹುಳು ಕಾಲು ಮಡಚಿಕೊಂಡು ಉದುರಿ ಮಣ್ಣಿನಲ್ಲಿ ಮಣ್ಣಾಗುತ್ತದೆ. ಇಷ್ಟಾದ ಮೇಲೆ ಒಂದು ನಿಮಿಷದ ಎಣಿಕೆ. ಒಂದು ಚೌಕದಲ್ಲಿ ಹದಿನಾಲ್ಕು, ಪಕ್ಕದ್ದರಲ್ಲಿ ಒಂಬತ್ತು, ಅದರಾಚೆ ಸೊನ್ನೆ, ಸೊನ್ನೆ, ಮತ್ತೆ ಸೊನ್ನೆ. ತಿನ್ನಲು ಗಿಡಹೇನು ಎಲ್ಲಿದೆಯೋ ಅಲ್ಲಿಗೇ ಗುಲಗಂಜಿ ಹುಳುಗಳ ದಂಡು. ಇಲ್ಲದ ಕಡೆ ಒಂದೂ ತಿರುಗಿ ನೋಡದು. ಲೆಕ್ಕ ಸರಳವಾಗಿತ್ತು. ನೂರು ಚೌಕಗಳ ಸರಾಸರಿ ಒಂದು ಅಂಕಿ. ಪ್ರತಿ ಚೌಕವೂ ಆ ಸರಾಸರಿಯಿಂದ ಎಷ್ಟು ದೂರ ನಿಂತಿದೆ ಎಂಬುದರಿಂದ ಹುಟ್ಟುವುದು ಇನ್ನೊಂದು ಅಂಕಿ, ಚೆದರಿಕೆ. ಚೆದರಿಕೆ ಸರಾಸರಿಗಿಂತ ದೊಡ್ಡದಾದರೆ ಹುಳುಗಳು ಗುಂಪುಗೂಡಿವೆ. ಎರಡೂ ಒಂದೇ ಆದರೆ ಯಾರೋ ಕಣ್ಣುಮುಚ್ಚಿ ಎರಚಿದ ಹಾಗೆ ಬಿದ್ದಿವೆ. ಚಿಕ್ಕದಾದರೆ ಒಂದಕ್ಕೊಂದು ಅಂತರ ಕಾಯ್ದುಕೊಂಡಿವೆ. ಮೂರನೆಯದನ್ನು ಹುಲ್ಲುಗಾವಲಿನಲ್ಲಿ ಕಾಣುವುದಿಲ್ಲವೆಂದು ಮೇಲಧಿಕಾರಿ ಮೊದಲ ದಿನವೇ ಹೇಳಿದ್ದರು. ಎಲ್ಲರೂ ಬೆನ್ನ ಹಿಂದೆ ಅವರನ್ನು ದೊಡ್ಡ ಕನ್ನಡಕ ಎನ್ನುತ್ತಿದ್ದರು.

ಆ ವಾರಕ್ಕೆ ಮುಂಚಿನ ರಾತ್ರಿ ಊಟಕ್ಕೆ ಹೋಗಿದ್ದ ದೊಡ್ಡ ಕನ್ನಡಕದ ಮನೆಯ ಮೇಜಿನ ಮೇಲೆ ಹಳದಿ ದೀಪವೊಂದು ತೀರ ಕೆಳಗೆ ತೂಗುತ್ತಿತ್ತು, ಮುಖಗಳು ಕತ್ತಲಲ್ಲಿ, ಕೈಗಳು ಮಾತ್ರ ಬೆಳಕಿನಲ್ಲಿ. ಅವನ ಹೆಂಡತಿಯ ಬಲಗೈ ತೋರುಬೆರಳಿಗೆ ಕೆಂಪು ಶಾಯಿ ಹತ್ತಿತ್ತು. ಮದುವೆಯಾಗಿ ಇನ್ನೂ ಒಂದು ವರ್ಷವಾಗಿರಲಿಲ್ಲ. ದಿನಾ ಸಂಜೆ ಅವಳು ಮರುದಿನದ ಪುಟಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಹಾಕುತ್ತಿದ್ದಳು: ಉದ್ದಕ್ಕೆ ಹನ್ನೊಂದು, ಅಡ್ಡಕ್ಕೆ ಹನ್ನೊಂದು, ನೂರು ಮನೆ. ಅವಳ ಗೆರೆ ಅಲುಗುತ್ತಿರಲಿಲ್ಲ. ಉಸಿರು ಹಿಡಿದು ಎಳೆಯುತ್ತಿದ್ದಳು, ತುದಿ ಮುಟ್ಟಿದ ಮೇಲೆ ಫುಸ್ಸೆಂದು ಉಸಿರು ಬಿಟ್ಟು ಅವನ ಕಡೆ ನೋಡುತ್ತಿದ್ದಳು. ಮನೆಯ ಯಜಮಾನಿ ಸೌಜನ್ಯಕ್ಕೆ ಕೇಳಿದ್ದು, "ಇವರು ಏನು ಮಾಡ್ತಾರೆ?" ಎಂದು. ಹೆಂಡತಿಯ ತುಟಿ ತೆರೆದದ್ದನ್ನು ಅವನು ನೋಡಿದ್ದ. ನೋಡಿಯೂ, ಅವಳಿಗಿಂತ ಮೊದಲು, ಮೇಲಧಿಕಾರಿಯ ಮನೆಯಲ್ಲಿ ತಮಾಷೆ ಮಾಡಬಲ್ಲಷ್ಟು ಸಲಿಗೆ ತನಗಿದೆಯೆಂದು ತೋರಿಸುವ ಆತುರದಲ್ಲಿ ಹೇಳಿಬಿಟ್ಟ: "ಇವಳಾ? ಏನೂ ಇಲ್ಲ. ಸೊನ್ನೆ." ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ, ಹೊಟ್ಟೆ ತುಂಬ ಉಂಡವರ ನಗೆ. ಬೆಳಕಿನಲ್ಲಿದ್ದ ಕೈ ಮೇಜಿನ ಕೆಳಗೆ ಹೋಯಿತು. ಆ ರಾತ್ರಿ ಗೆರೆ ಹಾಕಲಿಲ್ಲ. ಬೆಳಗಾಗುವಾಗ ಅವಳು ಅಕ್ಕನ ಊರಿನ ಬಸ್ಸು ಹತ್ತಿ ಆಗಿತ್ತು.

ಏಳು ದಿನ. ಅಕ್ಕನ ಊರಿನಿಂದ ಮೊದಲ ಬಸ್ಸು ಬರುವುದು ಬೆಳಿಗ್ಗೆ ಏಳಕ್ಕೆ, ಎರಡನೆಯದು ಎಂಟೂವರೆಗೆ. ಹುಳು ಎಣಿಸಬೇಕಾದದ್ದು ಆರರಿಂದ ಒಂಬತ್ತರ ಒಳಗೆ, ಬಿಸಿಲೇರಿದರೆ ಹುಳು ಹಾರುತ್ತದೆ. ಅವನು ಹುಲ್ಲುಗಾವಲಿಗೆ ಹೋಗಲಿಲ್ಲ. ಅಂದಿನ ಬಾಡಿಗೆ ಮನೆಗೂ ಹೀಗೆಯೇ ಬೀದಿಗೆ ತೆರೆಯುವ ಕಿಟಕಿಯಿತ್ತು. ಅಲ್ಲಿ ಬಸ್ಸಿನ ದಾರಿ ನೋಡುತ್ತ ಕೂತು, ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ಅಳತೆಪಟ್ಟಿ ಜಾರಿ ಜಾರಿ ಹೋಗುತ್ತಿದ್ದಂತೆ ತಾನೇ ಗೆರೆ ಹಾಕಿ, ಮನೆಗಳನ್ನು ತುಂಬಿಸಿದ. ಮೊದಲ ದಿನ ನಿಜದಂತೆ ಕಾಣಲೆಂದು ಒಂದು ಮನೆಗೆ ಸೊನ್ನೆ ಬರೆಯಲು ಹೊರಟದ್ದು ನೆನಪಿದೆ. ಲೇಖನಿ ಕಾಗದ ಮುಟ್ಟಿತು, ಸುತ್ತಲಿಲ್ಲ. ಅಲ್ಲಿ ಎರಡು ಬರೆದ. ಪಕ್ಕದ್ದಕ್ಕೆ ಮೂರು, ಅದರಾಚೆ ನಾಲ್ಕು, ಮತ್ತೆ ಮೂರು. ಪಂಕ್ತಿಯಲ್ಲಿ ಬಡಿಸುವವನ ಹಾಗೆ, ಯಾರ ಎಲೆಯೂ ಖಾಲಿ ಉಳಿಯದಂತೆ, ಹಿಂದೆ ಮುಂದೆ ನೋಡಿಕೊಂಡು ಬಡಿಸಿದ. ಏಳನೆಯ ಬೆಳಿಗ್ಗೆ ಎರಡನೆಯ ಬಸ್ಸಿನಿಂದ ಅವಳು ಇಳಿದಳು. ಒಳಗೆ ಬಂದು ಚೀಲವಿಟ್ಟು, "ಹಾಲು ತಂದಿದ್ದೀರಾ?" ಎಂದು ಕೇಳಿದಳು. ತಂದಿರಲಿಲ್ಲ. ಅವನು ಪಾತ್ರೆ ಹಿಡಿದು ಓಡಿದ. ಆ ವಾರದ ಬಗ್ಗೆ ಅವರಿಬ್ಬರ ನಡುವೆ ಆದ ಮಾತು ಅಷ್ಟೇ. ಆಮೇಲೆ ಇಬ್ಬರು ಮಕ್ಕಳು, ಮೂರು ಮನೆಗಳು, ಒಂದು ಶಸ್ತ್ರಚಿಕಿತ್ಸೆ, ಎಷ್ಟೋ ಸಲ ಜಗಳ. ಜಗಳದ ಬಿಸಿಯಲ್ಲೂ ಆ ವಾರದ ಕಡೆಗೆ ಯಾರೂ ಕೈ ಚಾಚಲಿಲ್ಲ. ವಾರದ ಪುಟಗಳನ್ನು ನೋಡಿ ದೊಡ್ಡ ಕನ್ನಡಕ ಕೇಳಿದ್ದರು, "ಹುಳಗಳಿಗೆ ಇಷ್ಟು ಸಭ್ಯತೆ ಎಲ್ಲಿಂದ ಬಂತಯ್ಯಾ?" ಉತ್ತರಕ್ಕೆ ಕಾಯದೆ, ಆ ಏಳು ದಿನಗಳನ್ನು ಲೇಖನದಿಂದ ಹೊರಗಿಟ್ಟು, ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ತಿಳಿದಿತ್ತೋ ಏನೋ. ಬೈದಿದ್ದರೆ ಆವತ್ತೇ ಮುಗಿಯುತ್ತಿತ್ತು.

ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಕರೆಗಂಟೆ ಬಾರಿಸಿತು. ಸಂಶೋಧಕಿಗೆ ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಮೊಣಕೈಯಲ್ಲಿ ಹುಲ್ಲು ಗೀರಿದ ಗಾಯ, ಕತ್ತಿನ ಹಿಂದೆ ಬಿಸಿಲಿಗೆ ಕಪ್ಪಾದ ಚರ್ಮ. ಅವನಿಗೆ ಒಮ್ಮೆಲೇ ಪ್ರೀತಿ ಉಕ್ಕಿತು. ಈಕೆಯೂ ಮಂಡಿಯೂರುವವಳೇ. "ಸರ್, ನಿಮ್ಮನ್ನ ನೋಡಿ ಎಷ್ಟು ಖುಷಿ ಆಯ್ತು ಅಂದ್ರೆ! ನಿಮ್ಮ ಏಳನ್ನ ಒಂದು ಅಂತ ಓದಿ ಮೂರು ದಿನ ಅತ್ತಿದೀನಿ" ಎನ್ನುತ್ತ ಕೂತಳು. "ನನ್ನ ಏಳು ನನಗೇ ಅರ್ಥ ಆಗ್ತಿರ್ಲಿಲ್ಲಮ್ಮಾ" ಎಂದ. ಚೀಲದಿಂದ ಎಣಿಕೆ ಪುಸ್ತಕ ಹೊರಬಂತು. ಮೂಲೆಗಳು ಗೆದ್ದಲು ತಿಂದು ದುಂಡಗಾಗಿದ್ದವು. ಹುಳುಗಳ ಲೆಕ್ಕವನ್ನು ಹುಳುವೇ ತಿಂದಿದೆ ಎಂದು ತಮಾಷೆ ಮಾಡಬೇಕೆನ್ನಿಸಿತು, ಮಾಡಲಿಲ್ಲ. ತಮಾಷೆಗೆ ಅವನು ಹೆದರುತ್ತಿದ್ದ. ಆಕೆ ಎರಡು ನಕ್ಷೆಗಳನ್ನು ಹರಡಿದಳು. ಒಂದರಲ್ಲಿ ಕಪ್ಪು ಚುಕ್ಕೆಗಳು ಮೂರು ಕಡೆ ಒತ್ತರಿಸಿ ನಿಂತಿದ್ದವು, ಉಳಿದದ್ದೆಲ್ಲ ಬಯಲು. ಇನ್ನೊಂದರಲ್ಲಿ ಚುಕ್ಕೆಗಳು ಹಾಸಿದ ಬಟ್ಟೆಯ ನಮೂನೆಯಂತೆ, ಯಾವುದಕ್ಕೂ ಯಾವುದೂ ತಾಕದಂತೆ. "ಹಿಂದಿನ ವಾರ ದಿನಕ್ಕೆ ನಲವತ್ತು ಸೊನ್ನೆ. ಈ ವಾರ ಏಳು ದಿನದಲ್ಲಿ ಒಂದೂ ಇಲ್ಲ. ಎಂಟನೇ ದಿನ ಮತ್ತೆ ನಲವತ್ತಮೂರು. ನನಗನ್ಸುತ್ತೆ ಸರ್, ಏನೋ ಒಂದು ಅವುಗಳನ್ನ ಹೆದರಿಸಿದೆ. ಹೆದರಿದಾಗ ಗುಂಪು ಬಿಟ್ಟು ದೂರ ದೂರ ನಿಂತ್ಕೊಂಡಿವೆ. ಗಾಳಿನಾ? ಹೊಗೆನಾ? ನಿಮಗೇನಾದ್ರೂ ನೆನಪಿದ್ರೆ... ನಮ್ಮ ಮಾರ್ಗದರ್ಶಕರಂತೂ ಕುಣಿದಾಡ್ತಿದಾರೆ. ಹನ್ನೊಂದು ದಿನದಲ್ಲಿ ಒಪ್ಪಿಸ್ಬೇಕು."

ಗಾಳಿ ಎಂದರೆ ಸಾಕಿತ್ತು. ಎರಡಕ್ಷರ. ಗಾಳಿ ಎಂದರೆ ಎರಡನೆಯ ಅಧ್ಯಾಯ ಉಳಿಯುತ್ತದೆ, ಮೊದಲ ಪುಟದಲ್ಲಿ ಹೆಸರು ಬರುತ್ತದೆ, ಒಳಗೆ ಚಹಾ ಸೋಸುತ್ತಿರುವವಳ ಕಿವಿಗೆ ಏನೂ ಬೀಳುವುದಿಲ್ಲ. ನಲವತ್ತಾರು ವರ್ಷದ ಹಿಂದಿನ ಗಾಳಿಯನ್ನು ಯಾರು ಪರೀಕ್ಷಿಸಿಯಾರು? ಆದರೆ ಆಕೆಯ ಮೊಣಕೈಯ ಗೀರು ಕಣ್ಣೆದುರೇ ಇತ್ತು. ಸುಳ್ಳಾದರೆ ಮುಂದೆ ಯಾವ ಊರಿನ ಯಾವ ಹುಲ್ಲಿನಲ್ಲೋ ಈಕೆ ಮಂಡಿಯೂರಿ, ಹೆದರಿದ ಹುಳುಗಳು ದೂರ ದೂರ ನಿಲ್ಲುವುದನ್ನು ಕಾಣಲು ವರ್ಷಗಟ್ಟಲೆ ಕಾಯುತ್ತಾಳೆ, ಅವು ನಿಲ್ಲುವುದಿಲ್ಲ. ಬಾಯಿ ತೆರೆದ. ಆಗಲೇ ಹೆಂಡತಿ ತಟ್ಟೆಯಲ್ಲಿ ಮೂರು ಲೋಟ ಚಹಾ ತಂದಳು. ಮೂರು ಲೋಟ! ಕಿಟಕಿಯ ಬಳಿಯ ಕುರ್ಚಿಯನ್ನು ಅವಳು ಕಾಲಿನಿಂದ ಮೇಜಿನತ್ತ ಎಳೆದುಕೊಂಡು, ಅದು ಯಾವಾಗಲೂ ಅಲ್ಲೇ ಇದ್ದದ್ದೆಂಬಂತೆ ಕೂತಳು. "ನೀವು ಮಾತಾಡಿ. ನನಗೂ ಒಳಗೆ ಒಬ್ಬಳೇ ಬೇಜಾರು" ಎಂದಳು.

"ಒಂದು ಕೇಳ್ಲಾ ಸರ್?" ಸಂಶೋಧಕಿ ಪುಟ ತಿರುವಿದಳು. "ಈ ಗೆರೆಗಳು. ಎರಡು ವರ್ಷ ಅಚ್ಚು ಹಾಕಿದ ಹಾಗಿವೆ. ಈ ಏಳು ಪುಟ ಮಾತ್ರ ಸೊಟ್ಟ. ಗಾಳಿ ಇತ್ತು ಅನ್ನೋದಕ್ಕೆ ಇದನ್ನೇ ಸಾಕ್ಷಿ ಅಂತ ಬರ್ಕೊಂಡಿದೀನಿ. ನೀವು ಹುಲ್ಲುಗಾವಲಲ್ಲೇ ಗೆರೆ ಹಾಕ್ತಿದ್ರಾ?"

ಹೆಂಡತಿ ಮುಂದಕ್ಕೆ ಬಾಗಿದಳು. ಅವಳ ತೋರುಬೆರಳು, ಈಗ ಗಂಟುಬಿದ್ದದ್ದು, ಸೊಟ್ಟ ಗೆರೆಯೊಂದರ ಮೇಲೆ ಮೆಲ್ಲಗೆ ಚಲಿಸಿ ಪುಟದಂಚಿನಲ್ಲಿ ನಿಂತಿತು. ಅವನಿಗೆ ಆ ಹಳದಿ ದೀಪ, ಬೆಳಕಿನಿಂದ ಜಾರಿಹೋದ ಕೈ, ತೆರೆದು ಮುಚ್ಚಿದ ತುಟಿ ಎಲ್ಲವೂ ಒಟ್ಟಿಗೆ ಕಂಡವು. ಅಂದಿನ ಪ್ರಶ್ನೆಯೂ ಇದೇ ಆಗಿತ್ತು. ಇವರು ಏನು ಮಾಡ್ತಾರೆ. ಉತ್ತರ ತಡವಾಗಿತ್ತು, ಅಷ್ಟೇ.

"ಗೆರೆ ಹಾಕ್ತಿದ್ದೋಳು ಇವಳು" ಎಂದ. ದನಿ ತಾನು ನಿರೀಕ್ಷಿಸಿದ್ದಕ್ಕಿಂತ ಸಮಾಧಾನದಲ್ಲಿತ್ತು. "ಎರಡು ವರ್ಷದ್ದೂ ಇವಳದೇ. ಆ ವಾರ ಇವಳು ಮನೇಲಿರ್ಲಿಲ್ಲ. ನಾನೊಂದು ಮಾತು ಆಡಿದ್ದೆ. ಇವಳು ಹೋಗಿದ್ಲು. ನಾನು ಹುಲ್ಲುಗಾವಲಿಗೆ ಹೋಗ್ಲಿಲ್ಲಮ್ಮಾ. ಒಂದು ದಿನಾನೂ ಹೋಗ್ಲಿಲ್ಲ."

ಸಂಶೋಧಕಿಯ ಲೋಟ ತುಟಿಯ ಹತ್ತಿರವೇ ನಿಂತಿತು. "ಮತ್ತೆ ಈ ಅಂಕಿಗಳು?"

"ಕಿಟಕಿ ಹತ್ರ ಕೂತು ಬರೆದದ್ದು."

ಬೀದಿಯಲ್ಲಿ ಬಸ್ಸೊಂದು ನಿಂತು ಹೊರಟಿತು. ಸಂಶೋಧಕಿ ಎರಡನೆಯ ನಕ್ಷೆಯನ್ನು ಕೈಗೆತ್ತಿಕೊಂಡು, ಬಹಳ ಹೊತ್ತು ನೋಡಿ, ನಾಲ್ಕಾಗಿ ಮಡಚಿ ಲೋಟದ ಕೆಳಗಿಟ್ಟಳು. ಕಣ್ಣು ಒದ್ದೆಯಾಗಿತ್ತೋ ಕೋಪಗೊಂಡಿತ್ತೋ ಅವನಿಗೆ ನೋಡುವ ಧೈರ್ಯವಾಗಲಿಲ್ಲ. "ಎರಡನೇ ಅಧ್ಯಾಯ ಹೋಯ್ತು" ಎಂದಳು. ಆಮೇಲೆ ಅವನು ನಿಜವಾಗಿ ಹೆದರಿದ್ದ ಪ್ರಶ್ನೆಯನ್ನು ಕೇಳಿದಳು. "ಉಳಿದದ್ದು, ಸರ್? ಉಳಿದ ಎರಡು ವರ್ಷ ನಿಜ ಅಂತ ನಾನು ಹೇಗೆ ನಂಬ್ಲಿ?"

ಒಮ್ಮೆ ಸುಳ್ಳು ಬರೆದ ಕೈ ಉಳಿದದ್ದಕ್ಕೆ ಆಣೆಯಿಟ್ಟರೆ ಅದಕ್ಕೆ ಬೆಲೆಯೇನು? ಪುಟಗಳನ್ನೇ ನೋಡುತ್ತ ಕೂತ. ಆಗ ಹೆಂಡತಿ ಲೋಟ ಕೆಳಗಿಟ್ಟಳು.

"ನಾನು ಹೇಳ್ತೀನಿ ಕೇಳಮ್ಮಾ. ಆ ಎರಡು ವರ್ಷ ಇವರ ಪ್ಯಾಂಟು ಒಗೆದೋಳು ನಾನು. ದಿನಾ ಮಂಡಿ ಹತ್ರ ಹಸಿ ಮಣ್ಣು, ಹುಲ್ಲಿನ ಹಸಿರು. ಎಷ್ಟು ತಿಕ್ಕಿದ್ರೂ ಹೋಗ್ತಿರ್ಲಿಲ್ಲ. ಬೈಕೊಂಡು ಬೈಕೊಂಡು ತಿಕ್ತಿದ್ದೆ. ಮಣ್ಣಿಲ್ದೇ ಬಂದ ದಿನ ಒಂದೂ ಇರ್ಲಿಲ್ಲ." ಅವಳು ಗಂಡನ ಕಡೆ ನೋಡಲಿಲ್ಲ. "ಆ ವಾರ ಬಿಟ್ಟು. ನಾನು ವಾಪಸ್ ಬಂದ ದಿನ ಅಷ್ಟೂ ದಿನದ ಬಟ್ಟೆ ಮೂಲೇಲಿ ರಾಶಿ ಬಿದ್ದಿತ್ತು. ಒಗೆಯೋಕೆ ಅಂತ ಒಂದೊಂದೇ ತೆಗೆದು ನೋಡ್ತೀನಿ, ಯಾವುದರ ಮಂಡೀಲೂ ಒಂದು ಚುಕ್ಕೆ ಮಣ್ಣಿಲ್ಲ."

ಅವನು ತಲೆಯೆತ್ತಿದ. "ಗೊತ್ತಿತ್ತಾ ನಿನಗೆ?"

"ಪ್ಯಾಂಟಿನ ಹಿಂಭಾಗ ಮಾತ್ರ ಸವೆದು ಹೊಳೀತಿತ್ತು. ಆ ಮುರುಕು ಕುರ್ಚಿ ಕಿಟಕಿ ಹತ್ರಾನೇ ಇತ್ತು. ಇಷ್ಟಕ್ಕೆ ಶಾಸ್ತ್ರ ಓದಿರ್ಬೇಕಾ?" ಎಂದಳು.

ಸಂಶೋಧಕಿ ಮೊದಲು ಒಬ್ಬರನ್ನು, ಆಮೇಲೆ ಇನ್ನೊಬ್ಬರನ್ನು ನೋಡಿದಳು. ಬೇರೆಯವರ ಮನೆಯ ತೆರೆದ ಬಾಗಿಲಲ್ಲಿ ನಿಂತವರಂತೆ ಕಣ್ಣು ತಗ್ಗಿಸಿದಳು. ಆಮೇಲೆ ಲೇಖನಿ ತೆಗೆದು, ಕೆಲಸದವರ ದನಿಯಲ್ಲಿ, "ಹಾಗಾದ್ರೆ ಅಳಿಸೋದು ಬೇಡ ಸರ್. ಒಂದು ಅಡ್ಡಗೆರೆ ಹೊಡೆದು, ಕೆಳಗೆ ಬರೆದು, ಸಹಿ ಮಾಡಿಕೊಡಿ" ಎಂದಳು. ಸರಿಯಾದ ಪದ್ಧತಿ. ಅವನೇ ಎಷ್ಟೋ ಹೊಸಬರಿಗೆ ಕಲಿಸಿದ್ದು. ಅವನು ಲೇಖನಿ ಹಿಡಿದು ಆ ವಾರದ ಮೊದಲ ಪುಟ ತೆರೆದ. ಹೆಂಡತಿ ಅವನ ಕೈಯಿಂದ ಅದನ್ನು ತೆಗೆದುಕೊಂಡು, ಸಂಶೋಧಕಿಯ ಅಳತೆಪಟ್ಟಿಯನ್ನು ಪುಟದ ಮೇಲೆ ಒತ್ತಿ, ಉಸಿರು ಹಿಡಿದು, ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದಳು. ಏಳು ಪುಟ, ಏಳು ಗೆರೆ. ಈಗ ಅವೂ ಸ್ವಲ್ಪ ಅಲುಗಿದವು. ಕೊನೆಯ ಪುಟದ ಕೆಳಗೆ ಅವನು 'ಈ ಏಳು ದಿನ ಎಣಿಸಿಲ್ಲ' ಎಂದು ಬರೆದು, ಪೂರ್ತಿ ಹೆಸರು ಬರೆದ. ಆ ಪುಸ್ತಕಗಳಲ್ಲೆಲ್ಲ ಅವನ ಹೆಸರು ಬಂದದ್ದು ಅದೊಂದೇ ಕಡೆ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಸಂಶೋಧಕಿ ತಿರುಗಿದಳು. "ಬೈಬೇಕು ಅಂತ ಅನ್ನಿಸ್ತಿದೆ ಸರ್. ಆದ್ರೆ ನಾಳೆ ಬೈತೀನಿ. ಇವತ್ತು ಎರಡನೇ ಅಧ್ಯಾಯ ಹೊಸದಾಗಿ ಬರೀಬೇಕು" ಎಂದಳು. "ನಾಳೆ ಫೋನ್ ಮಾಡಮ್ಮಾ" ಎಂದ ಅವನು, ಮನಸಾರೆ. ಆಕೆ ಬಸ್ ನಿಲ್ದಾಣದಲ್ಲಿ ಮರದ ನೆರಳಿಗೆ ಹೋಗದೆ ಬಿಸಿಲಿನಲ್ಲೇ ನಿಂತದ್ದನ್ನು ಕಿಟಕಿಯಿಂದ ನೋಡಿದ. ಬಸ್ಸು ಬರುವವರೆಗೂ ನೋಡಿದ.

ಲೋಟಗಳನ್ನು ಒಟ್ಟುಮಾಡುತ್ತಿದ್ದ ಹೆಂಡತಿ ಮಡಚಿದ ನಕ್ಷೆಯನ್ನು ಬಿಚ್ಚಿ ಬೆಳಕಿಗೆ ಹಿಡಿದಳು. "ನೋಡೋಕೆ ಚೆನ್ನಾಗೇ ಇದೆ" ಎಂದಳು. ಆಮೇಲೆ, "ಅಲ್ರೀ, ಅಷ್ಟೆಲ್ಲಾ ಸುಳ್ಳು ಬರೆಯೋರು ನಡುನಡುವೆ ಒಂದೆರಡು ಸೊನ್ನೆ ಹಾಕ್ಬಾರ್ದಿತ್ತಾ? ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಹಾಕೋಕೆ ಹೋದೆ" ಎಂದ. "ಕೈ ಬರ್ಲಿಲ್ಲ."

ಅವಳು ತಟ್ಟೆಯನ್ನು ಮೇಜಿನ ಮೇಲೆ ಮತ್ತೆ ಇಟ್ಟಳು. ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬಂದು ಮೇಜನ್ನು, ಅದರ ಮೇಲೆ ಬೋರಲು ಬಿದ್ದಿದ್ದ ಅವನ ಎರಡು ಕೈಗಳನ್ನು ಬೆಳಗಿತ್ತು. ಅವಳು ಕಿಟಕಿಗೂ ಮೇಜಿಗೂ ನಡುವೆ ಬಂದು ನಿಂತಳು. ಅವಳ ನೆರಳು ಅವನ ಕೈಗಳ ಮೇಲೆ ಬಿತ್ತು. ಅವನು ಕೈ ಎಳೆದುಕೊಳ್ಳಲಿಲ್ಲ.